ಏರಿನಲ್ಲಿ ಉಸಿರು ಕಟ್ಟುವ ಲಾರಿ

"ಈಗ ನೋಡಿ ಮಾವ, ಈಗ!" ಎಂದಳು ಸೆಂಗ್‌ದಾವ್.

ನೋಡುವುದೇನು ಬಂತು, ನನ್ನ ಬೆನ್ನುಮೂಳೆಗೇ ತಿಳಿಯಿತು. ಅಲ್ಲಿಯವರೆಗೆ ಗುಡುಗುತ್ತ ಘಾಟಿ ಏರುತ್ತಿದ್ದ ಲಾರಿ ಒಮ್ಮೆಲೇ ಬಿಕ್ಕಿತು. ಅವಳು ಆಕ್ಸಿಲರೇಟರನ್ನು ತಳದವರೆಗೆ ಒತ್ತಿದ್ದಳು. ಆದರೂ ಎಂಜಿನ್ ತಡವರಿಸಿತು, ಒಂದು ಗುಟುಕು ಉಸಿರೆಳೆಯಿತು, ಮತ್ತೆ ತಡವರಿಸಿತು. ಹಿಂದೆ ಬರುತ್ತಿದ್ದ ಬಸ್ಸಿನವನು ನಮ್ಮ ವಂಶದವರನ್ನೆಲ್ಲ ನೆನೆಯುತ್ತ ಪಕ್ಕದಿಂದ ಹಾದುಹೋದ.

"ಇದು ಎಷ್ಟನೇ ಸಲ?"

"ಎಣಿಸೋದು ಬಿಟ್ಟೆ. ಕೆಳಗೆ ಬಯಲಲ್ಲಿ ಕುದುರೆ ಹಾಗೆ ಓಡುತ್ತೆ. ಏರು ಬಂತೋ, ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಆಡುತ್ತೆ."

ಈ ಲಾರಿ ಅವಳ ಗಂಡ ಪನ್ಯಾ ಮತ್ತು ಅವನ ಗೆಳೆಯ ಖಮ್ಸಿಂಗ್ ಸೇರಿ ಓಡಿಸುತ್ತಿದ್ದದ್ದು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಹೋದ ಪನ್ಯಾ ಮನೆಗೆ ಮರಳಲಿಲ್ಲ. ತನ್ನ ಪಾಲನ್ನು ಖಮ್ಸಿಂಗನಿಗೇ ಬಿಟ್ಟುಕೊಟ್ಟು, ಯಾವಳೋ ಒಬ್ಬಳ ಬೆನ್ನು ಹತ್ತಿ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಹೋದ ಎಂದು ಖಮ್ಸಿಂಗ್ ಊರಿಗೆಲ್ಲ ಹೇಳಿದ. ಹಸಿರು ಲಾರಿಗೆ ನೀಲಿ ಬಳಿದು ತಾನೇ ಓಡಿಸಿದ. ಮೊನ್ನೆ ಅದನ್ನು ಮಾರಾಟಕ್ಕಿಟ್ಟಾಗ ಸೆಂಗ್‌ದಾವ್ ಅಜ್ಜಿಯ ಕಾಲದ ಬೆಳ್ಳಿ ಸೊಂಟಪಟ್ಟಿ ಮಾರಿ ಕೊಂಡುಕೊಂಡಳು. ಆಮೇಲೆ ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂತಳು.

ನಾನು ವಿಲಾಯ್, ಅವಳಿಗೆ ನೆಂಟನಲ್ಲ, ವಯಸ್ಸಿನ ಲೆಕ್ಕಕ್ಕೆ ಮಾವ. ವಿಮಾ ಕಂಪನಿಯೊಂದಕ್ಕೆ ಸುಳ್ಳು ಅಪಘಾತಗಳನ್ನು ಹಿಡಿದುಕೊಡುತ್ತ ಕೂದಲು ನೆರೆಸಿಕೊಂಡವನು. ಈಗ ಯಾರಾದರೂ ಕರೆದರೆ ಹೋಗುತ್ತೇನೆ, ಇಲ್ಲದಿದ್ದರೆ ಕಾಫಿ ಕುಡಿದು ಲೋಕದ ಮೇಲೆ ಗೊಣಗುತ್ತೇನೆ. ಘಾಟಿ ರಸ್ತೆ ಕಂಡರೆ ನನಗಾಗದು. ಇವಳ ಕಾರಣಕ್ಕೆ ಬಂದಿದ್ದೆ.

"ಸತ್ತಿದ್ರೆ ಅಳ್ತೀನಿ, ಬಿಟ್ಟು ಹೋಗಿದ್ರೆ ಬೈತೀನಿ," ಎಂದಿದ್ದಳು ಅವತ್ತು. "ಎರಡೂ ಗೊತ್ತಿಲ್ದೆ ಬಾಗಿಲು ನೋಡ್ತಾ ಕೂತಿರೋದು ಹೇಗೆ, ನೀವೇ ಹೇಳಿ. ಈ ಹುಣ್ಣಿಮೆಗೆ ಅವನ ಹೆಸರಲ್ಲಿ ನದಿಗೆ ದೀಪ ಬಿಡೋಣ ಅಂತಿದಾರೆ ಅತ್ತೆ. ಬದುಕಿರೋನಿಗೆ ಸತ್ತವರ ದೀಪ ಬಿಟ್ಟುಬಿಟ್ರೆ?"

ಹುಣ್ಣಿಮೆ ಇನ್ನು ದೂರವಿರಲಿಲ್ಲ. ನನ್ನ ಹೆಂಡತಿ ನನ್ನ ಕೈಯಲ್ಲೇ ಕಣ್ಣು ಮುಚ್ಚಿದಳು. ಸುಟ್ಟೆ, ಅತ್ತೆ, ಮುಗಿಯಿತು. ಇವಳದಕ್ಕೆ ಹೋಲಿಸಿದರೆ ನನ್ನದು ಸುಖದ ದುಃಖವೆಂದು ಅವತ್ತು ಅನ್ನಿಸಿತು.

ಲಾರಿ ಕುಂಟುತ್ತ ತಿರುವಿಗೆ ಬಂತು. ಅಲ್ಲೊಂದು ಕಂಬದ ಮೇಲೆ ಪುಟ್ಟ ಮರದ ಗುಡಿ, ಒಳಗೆ ಬತ್ತಿದ ಚೆಂಡುಹೂವು, ಊದುಬತ್ತಿಯ ಕಡ್ಡಿಗಳು. ಅಪಘಾತವಾದ ತಿರುವುಗಳಲ್ಲಿ ಇಂಥವು ಅಣಬೆಗಳ ಹಾಗೆ ಏಳುತ್ತವೆ. ಹಾದುಹೋಗುವ ಲಾರಿಯವರೆಲ್ಲ ಮೂರು ಸಲ ಹಾರ್ನ್ ಹೊಡೆದು ದಾರಿ ಬೇಡುತ್ತಾರೆ. ಗುಡಿ ಯಾರು ಇಟ್ಟರು, ಯಾರಿಗಾಗಿ ಇಟ್ಟರು ಎಂದು ನಮ್ಮಲ್ಲಿ ಕೇಳುವ ರೂಢಿಯಿಲ್ಲ, ಕೇಳಿದರೆ ದೈವ ಮುನಿಯುತ್ತದೆ. ಈ ಗುಡಿ ಎರಡು ಮಳೆ ಕಂಡಿತ್ತು, ಅಷ್ಟೆ.

ಸೆಂಗ್‌ದಾವ್ ಲಾರಿ ನಿಲ್ಲಿಸಿ ಇಳಿದಳು. ಹೊಸ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿ, ಗುಡಿಯ ಕಂಬಕ್ಕೆ ಒಂದು ಬಿಳಿ ನೂಲು ಕಟ್ಟಿದಳು. ನೂಲಿನ ತುದಿಯಲ್ಲಿ ಚಿಕ್ಕ ಹಿತ್ತಾಳೆ ಗೆಜ್ಜೆ ಇತ್ತು.

"ಗೆಜ್ಜೆ ಯಾಕಮ್ಮ?"

ಅವಳು ನಕ್ಕಳು. "ನಮ್ಮನೆ ಬೆಕ್ಕು ಮೀನು ಕದೀತಿತ್ತು. ಅದರ ಕೊರಳಿಗೆ ಕಟ್ಟೋಕೆ ಪನ್ಯಾ ಲುವಾಂಗ್ ಪ್ರಬಾಂಗ್ ಸಂತೆಯಿಂದ ಒಂದು ಹಿಡಿ ಗೆಜ್ಜೆ ತಂದಿದ್ದ. ಬೆಕ್ಕು ಬುದ್ಧಿ ಕಲೀಲಿಲ್ಲ, ಗೆಜ್ಜೆ ಕಟ್ಕೊಂಡೇ ಕದೀತಿತ್ತು. 'ಈಗ ಕಳ್ಳಿ ಬರೋದು ಗೊತ್ತಾಗುತ್ತಲ್ಲ, ಅಷ್ಟು ಸಾಕು' ಅಂತಿದ್ದ." ಗಂಟನ್ನು ಇನ್ನೊಮ್ಮೆ ಬಿಗಿದಳು. "ಅವನು ಈ ದಾರೀಲಿ ಬಂದ್ರೆ ಗುರುತು ಸಿಗ್ಲಿ ಅಂತ ಈ ಹೊಸವರ್ಷಕ್ಕೆ ಬಸ್ಸಲ್ಲಿ ಹೋಗ್ತಾ ಡ್ರೈವರನ್ನ ಬೇಡ್ಕೊಂಡು ಇಳಿದು ಒಂದು ಕಟ್ಟಿದ್ದೆ. ವಾಪಸ್ ಬರೋವಾಗ ಇರಲಿಲ್ಲ. ಗಾಳಿಗೆ ಹೋಯ್ತೇನೋ."

ಗಂಟು ಹಾಕಿದ ನೂಲು ಗಾಳಿಗೆ ಹೋಗುವುದಿಲ್ಲ ಎಂದು ನಾನು ಹೇಳಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಲಾರಿಯೇ ತುಂಬಿತ್ತು.

"ಫಿಲ್ಟರ್ ಬದಲಾಯ್ಸಿದಾರಾ?"

"ಎರಡು ಸಲ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ ಅಂತ ಎಲ್ಲ ಬಿಚ್ಚಿ ಗಾಳಿ ತೆಗೆದ್ರು. ಪಂಪಿನ ವಾಷರ್ ಹಾಕಿದ್ರು. ಕೊನೆಗೆ ಮೇಸ್ತ್ರಿ ಚಾನ್ ಕೈ ತೊಳ್ಕೊಂಡು, ಇದು ಗಾಡಿಯಮ್ಮನ ಸಿಟ್ಟು ಕಣಮ್ಮ, ಅವಳಿಗೆ ಹೇಳದೇ ಯಜಮಾನ ಬದಲಾದ, ಹಂದಿ ತಲೆ ಇಟ್ಟು ಪೂಜೆ ಮಾಡ್ಸು ಅಂದ್ರು."

ಪ್ರತಿ ಗಾಡಿಗೂ ಒಬ್ಬಳು ತಾಯಿ ಇರುತ್ತಾಳೆ, ಅವಳ ಮರ್ಜಿ ಕಾಯಬೇಕು. ಅದು ನನಗೂ ಗೊತ್ತು. ಆದರೆ ಸಿಟ್ಟಿನ ತಾಯಿ ಬಯಲಲ್ಲಿ ಸುಮ್ಮನಿದ್ದು ಏರಿನಲ್ಲೇ ಯಾಕೆ ಕಾಡಬೇಕು? ವಿಮಾ ಕಂಪನಿಯಲ್ಲಿ ನಾನು ಕಲಿತದ್ದು ಇಷ್ಟೇ. ಯಾರ ಮೇಲಾದರೂ ಅನುಮಾನ ಬಂದರೆ, ಅವರನ್ನು ಹಿಂದುಮುಂದಾಗಿ ನಡೆಸಿ ನೋಡಬೇಕು.

"ರಿವರ್ಸಲ್ಲಿ ಏರು ಹತ್ತಿಸ್ತೀಯಾ?"

"ಏನು?"

"ಲಾರಿ ತಿರುಗಿಸು. ಮುಖ ಕೆಳಗೆ, ಬಾಲ ಮೇಲೆ. ಹಿಂದು ಹಿಂದಕ್ಕೆ ಏರಿಸು."

ಅವಳಿಗೆ ಲಾರಿ ಕಲಿಸಿದ್ದು ಪನ್ಯಾ. ಚೆನ್ನಾಗಿಯೇ ಕಲಿಸಿದ್ದ. ಎದುರು ಬರುವ ಗಾಡಿಗಳನ್ನು ತಡೆಯಲು ನಾನು ಅಂಗಿ ಕಳಚಿ ಬೀಸುತ್ತ ಮೇಲಿನ ತಿರುವಿನಲ್ಲಿ ನಿಂತೆ. ಲಾರಿ ಏಡಿಯ ಹಾಗೆ ಹಿಂದಕ್ಕೆ ಏರತೊಡಗಿತು. ರಸ್ತೆ ಬದಿಯಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸು ಎದ್ದು ನಿಂತು, "ಏನಜ್ಜ, ಲಾರಿ ಗಂಡನ ಮನೆಗೆ ಹೋಗಲ್ಲ ಅಂತ ಹಟ ಹಿಡಿದಿದೆಯಾ?" ಎಂದು ಕೂಗಿದಳು.

ಲಾರಿ ಬಿಕ್ಕಲಿಲ್ಲ. ಅತಿ ಕಡಿದಾದ ಜಾಗದಲ್ಲೂ ಒಂದೇ ಉಸಿರಿಗೆ ಮೇಲೆ ಬಂದು ನನ್ನ ಪಕ್ಕ ನಿಂತಿತು.

ಸೆಂಗ್‌ದಾವ್ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನೇ ನೋಡಿದಳು.

"ಗಾಡಿಯಮ್ಮನಿಗೆ ನಿನ್ನ ಮುಖದ ಮೇಲೆ ಮಾತ್ರ ಸಿಟ್ಟಿರೋಕೆ ಸಾಧ್ಯ ಇಲ್ಲ," ಎಂದೆ. "ಡೀಸೆಲ್ ಟ್ಯಾಂಕಿನೊಳಗೆ ಏನೋ ಬಿದ್ದಿದೆ. ಮೂತಿ ಮೇಲಾದಾಗ ಅದು ಹಿಂದಕ್ಕೆ ಜಾರಿ ಡೀಸೆಲ್ ಹೀರೋ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತೆ. ಉಸಿರು ಕಟ್ಟುತ್ತೆ. ಎಂಜಿನ್ ಸೋತು ಹೀರೋದು ನಿಂತಾಗ ತಾನೇ ಕಳಚಿಕೊಳ್ಳುತ್ತೆ. ಬಾಲ ಮೇಲಾದ್ರೆ ಅದು ಮುಂದಕ್ಕೆ ಹೋಗಿ ಬಿದ್ದಿರುತ್ತೆ. ಕಾಟ ಇಲ್ಲ."

"ಕಸ ಇರಬಹುದಾ?"

"ಕಸ ಆಗಿದ್ರೆ ಫಿಲ್ಟರಿಗೆ ಬರ್ತಿತ್ತು. ಇದು ದೊಡ್ಡದು."

ಅವಳು ಸ್ಟೀರಿಂಗ್ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿದಳು. ಅವಳ ಹಿಂದೆ ಸೀಟಿನಲ್ಲಿ ದೊಡ್ಡ ಬೆನ್ನೊಂದು ವರ್ಷಗಟ್ಟಲೆ ಒರಗಿ ಮಾಡಿದ ಗುಂಡಿ ಕಾಣುತ್ತಿತ್ತು. ಅವಳ ಬೆನ್ನು ಅದರಲ್ಲಿ ತುಂಬುತ್ತಿರಲಿಲ್ಲ. ದಿಂಬು ಇಟ್ಟುಕೋ ಎಂದು ಬೆಳಿಗ್ಗೆ ಹೇಳಿದ್ದಕ್ಕೆ ಬೇಡ ಎಂದಿದ್ದಳು.

ಕಾಸಿ ಎಂಬ ಊರಿಗೆ ಇಳಿದಾಗ ಮಧ್ಯಾಹ್ನ. ಮೇಸ್ತ್ರಿ ಚಾನ್ ಗ್ಯಾರೇಜಿನ ನೆರಳಲ್ಲಿ ಅಂಟಕ್ಕಿ ಅನ್ನವನ್ನು ಉಂಡೆ ಮಾಡಿ ಮೆಣಸಿನ ಚಟ್ನಿಗೆ ಅದ್ದುತ್ತಿದ್ದ. ನನ್ನ ಮಾತು ಕೇಳಿ ಮೂಗು ಮುರಿದ.

"ಟ್ಯಾಂಕ್ ಇಳಿಸೋದಾ? ವಿಲಾಯಣ್ಣ, ನಿಮಗೆ ವಯಸ್ಸಾಯ್ತು. ಹಂದಿ ತಲೆ ಅಂದ್ರೆ ಒಂದು ಬೆಳಗಿನ ಕೆಲಸ. ಇದಕ್ಕೆ ನನ್ನ ಸೊಂಟ ಹೋಗುತ್ತೆ."

"ಟ್ಯಾಂಕಲ್ಲಿ ಏನೂ ಸಿಗದಿದ್ರೆ ಹಂದಿ ತಲೆ ನಾನೇ ತರ್ತೀನಿ."

"ಬೇಯ್ಸಿದ್ದು ತರ್ಬೇಕು," ಎಂದು ಚಾನ್ ಕೈ ತೊಳೆದುಕೊಂಡು ಲಾರಿಯ ಕೆಳಗೆ ತೂರಿದ.

ಡೀಸೆಲ್ ಇಳಿಯುತ್ತಿರುವಾಗಲೇ ಎದುರಿನ ಶಾವಿಗೆ ಹೋಟೆಲಿನಿಂದ ಖಮ್ಸಿಂಗ್ ರಸ್ತೆ ದಾಟಿ ಬಂದ. ಎತ್ತರದ ಆಳು, ನಗುಮುಖ. ಅವನ ಎರಡೂ ಕೈಗಳಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ರಕ್ಷೆಯ ಬಿಳಿ ದಾರಗಳಿದ್ದವು. ಮದುವೆಗೋ ಹೊಸ ಮನೆಗೋ ಹಿರಿಯರು ನಾಲ್ಕು ದಾರ ಕಟ್ಟುತ್ತಾರೆ, ಮೂರು ದಿನ ಬಿಟ್ಟು ಬಿಚ್ಚುತ್ತೇವೆ. ಇವನು ಬಿಚ್ಚುವವನ ಹಾಗೆ ಕಾಣಲಿಲ್ಲ.

"ತಂಗಿ, ಕಾಟ ಕೊಡ್ತಿದೆಯಂತಲ್ಲ ಲಾರಿ. ಯಾಕೆ ಕಷ್ಟ? ವಾಪಸ್ ಕೊಟ್ಬಿಡು. ಕೊಟ್ಟಷ್ಟೂ ಹಿಂದಕ್ಕೆ ಕೊಡ್ತೀನಿ."

"ಕಾಟ ಯಾವಾಗಿಂದ ಖಮ್ಸಿಂಗ್?" ಎಂದೆ ನಾನು.

"ನೀವು..."

"ಇವಳ ಮಾವ ಅಂದ್ಕೊ. ಯಾವಾಗಿಂದ?"

"ಈ ಹೊಸವರ್ಷ ಕಳೆದ ಮೇಲೆ. ಅದಕ್ಕೆ ಮುಂಚೆ ಒಂದು ದಿನ ಕೂಡ ಕೈ ಕೊಟ್ಟಿರಲಿಲ್ಲ."

"ಟ್ಯಾಂಕ್ ತೆಗೆಸಿ ನೋಡ್ಲಿಲ್ವಾ?"

"ಟ್ಯಾಂಕ್ ಯಾಕೆ? ಇದು ಗಾಡಿಯಮ್ಮನ ಸಿಟ್ಟು. ಹೂ ಹಾಕಿದೆ, ಹೆಂಡ ಹೊಯ್ದೆ, ಭಿಕ್ಷುಗಳನ್ನ ಕರೆಸಿ ಮಂತ್ರ ಹೇಳಿಸಿದೆ. ತಗ್ಗಲಿಲ್ಲ. ಅದಕ್ಕೇ ಮಾರಿದ್ದು."

ಲಾರಿಯ ಕೆಳಗಿನಿಂದ ಚಾನ್, "ನಾನೂ ಅದನ್ನೇ ಹೇಳಿದ್ದು!" ಎಂದ.

ನಾನು ಖಮ್ಸಿಂಗನ ದಾರಗಳನ್ನೇ ನೋಡುತ್ತಿದ್ದೆ. ದೈವದ ಸಿಟ್ಟಿಗೆ ಹೆದರುವವನಿಗೆ ಆ ಸಿಟ್ಟಿಗೆ ಕಾರಣವೂ ಗೊತ್ತಿರುತ್ತದೆ. ಟ್ಯಾಂಕಿನೊಳಗೆ ಇಣುಕಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ತನ್ನೊಳಗಿನದನ್ನು ಹೊತ್ತುಕೊಂಡೇ ಅವನು ಬೇಸತ್ತಿದ್ದ.

"ಪನ್ಯಾ ನದಿ ದಾಟಿದ್ದನ್ನ ನೀನು ನೋಡಿದ್ಯಾ?"

"ಕಣ್ಣಾರೆ. ದೋಣಿ ಹತ್ತಿಸಿದ್ದೇ ನಾನು."

ಸೆಂಗ್‌ದಾವ್ ಒಂದು ಹೆಜ್ಜೆ ಮುಂದೆ ಬಂದಳು. ಈಗ ಮೆಲ್ಲಗೆ ಕೇಳಿದಳು: "ಅತ್ತೆ ಕಟ್ಟಿದ್ದ ಅಂಚು ಇತ್ತಾ ಅಣ್ಣ, ಅವನ ಸೊಂಟದಲ್ಲಿ?"

ದೂರ ಹೋಗುವ ಮಗನಿಗೆ ನಮ್ಮ ತಾಯಂದಿರು ತಾವು ಉಟ್ಟ ಸಿನ್ ಎಂಬ ನೇಯ್ದ ಲುಂಗಿಯ ಅಂಚು ಹರಿದು ಕೊಡುತ್ತಾರೆ. ಗಂಡಸರು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಅಮ್ಮನ ಅಂಚಿದ್ದರೆ ಗುಂಡೂ ತಾಕದು ಎನ್ನುತ್ತಾರೆ. ಅದನ್ನು ಬಿಸಾಡಿದವನನ್ನು ನಾನು ಈ ಆಯುಷ್ಯದಲ್ಲಿ ಕಂಡಿಲ್ಲ.

"ಇತ್ತು ತಂಗಿ," ಎಂದ ಖಮ್ಸಿಂಗ್. ಅವನ ನಗು ಒಂದಿಷ್ಟು ಇಳಿದಿತ್ತು. "ಸೊಂಟದಲ್ಲೇ ಇತ್ತು. ಕೆಂಪು ಅಂಚು, ಬಿಳಿ ಹಂಸ. ಅದು ಮಾತ್ರ ಸತ್ಯ."

ಆ 'ಮಾತ್ರ' ಎಂಬ ಮಾತನ್ನು ನಾನು ಕಿವಿಯಲ್ಲಿ ಇಟ್ಟುಕೊಂಡೆ.

ಚಾನ್ ಟ್ಯಾಂಕನ್ನು ಇಳಿಸಿ ನೆಲಕ್ಕೆ ತಂದ. ಮುಚ್ಚಳದ ಕೆಳಗಿರಬೇಕಾದ ಜಾಲರಿ ಯಾವತ್ತೋ ಕಿತ್ತುಹೋಗಿತ್ತು. ಕೈ ತೂರುವಷ್ಟು ಬಾಯಿ. ಅವನು ತಂತಿಯ ಕೊಕ್ಕೆ ಇಳಿಸಿ ತಡಕಾಡಿದ, ಬೈದ, ಮತ್ತೆ ತಡಕಾಡಿದ.

"ಹಂದಿ ತಲೆ ಉಳೀತು ವಿಲಾಯಣ್ಣ," ಎಂದ. "ಏನೋ ಸಿಕ್ತು."

ಡೀಸೆಲ್ ಸುರಿಸುತ್ತ ಕಪ್ಪು ಬಟ್ಟೆಯ ಗಂಟೊಂದು ಹೊರಬಂತು. ಸೆಂಗ್‌ದಾವ್ ಅದನ್ನು ಅವನ ಕೈಯಿಂದ ಕಸಿದುಕೊಂಡಳು. ಹೆಬ್ಬೆರಳಿನಿಂದ ಮಡ್ಡಿ ಒರೆಸಿದಳು. ಮಡ್ಡಿಯ ಕೆಳಗೆ ಕೆಂಪು, ಕೆಂಪಿನ ಮೇಲೆ ಬಿಳಿಯ ಹಂಸದ ಸಾಲು.

"ಅತ್ತೆಯದು," ಎಂದಳು.

ನನಗೆ ಹಳೆಯ ಹುರುಪು ಬಂತು. ಸುಳ್ಳು ಸಿಕ್ಕಿಬಿದ್ದ ಕ್ಷಣದ ಆ ಹುರುಪು ಮುದುಕನನ್ನೂ ಬಿಡುವುದಿಲ್ಲ. "ಹಾಗಾದ್ರೆ ಖಮ್ಸಿಂಗ್, ಮೆಕಾಂಗ್ ದಾಟಿ ಹೋದ ಅಂಚು ಈ ಟ್ಯಾಂಕಿಗೆ ಹೇಗೆ ಬಂತು?"

ತಿರುಗಿ ನೋಡಿದೆ. ಸಿಕ್ಕಿಬಿದ್ದ ಸುಳ್ಳುಗಾರರನ್ನು ನಾನು ರಾಶಿ ಕಂಡಿದ್ದೇನೆ. ಬೆವರುತ್ತಾರೆ, ರೇಗುತ್ತಾರೆ. ಖಮ್ಸಿಂಗ್ ಹಾಗೇನೂ ಮಾಡಲಿಲ್ಲ. ಅವನು ಹಿಂದೆ ಹಿಂದೆ ಸರಿದು ಗ್ಯಾರೇಜಿನ ಕಂಬಕ್ಕೆ ಬೆನ್ನು ತಾಗಿಸಿ ನಿಂತಿದ್ದ, ಎರಡೂ ಕೈಗಳ ದಾರಗಳನ್ನು ಎದೆಗೆ ಒತ್ತಿಕೊಂಡಿದ್ದ.

ಅಷ್ಟರಲ್ಲಿ ಸೆಂಗ್‌ದಾವ್ ಗಂಟು ಬಿಚ್ಚಿದ್ದಳು. ಒಳಗಿನಿಂದ ಏನೋ ಜಾರಿ ನೆಲದ ಮೇಲೆ ಬಿದ್ದು ಟಿಣ್ ಎಂದಿತು.

ಒಂದು ನೂಲು. ನೂಲಿನ ತುದಿಯಲ್ಲಿ ಚಿಕ್ಕ ಹಿತ್ತಾಳೆ ಗೆಜ್ಜೆ.

ಅವಳು ಅದನ್ನು ಎತ್ತಿಕೊಂಡು ಅಲ್ಲೇ ಕೂತಳು. ನಾನೂ ಅವಳ ಪಕ್ಕ ಕೂತೆ. ನನ್ನ ಹುರುಪೆಲ್ಲ ಇಳಿದುಹೋಗಿತ್ತು. ಪನ್ಯಾ ಕಾಣೆಯಾದ ಮಳೆಗಾಲದಲ್ಲಿ ಈ ಗೆಜ್ಜೆ ಅವಳ ಮನೆಯ ಡಬ್ಬಿಯಲ್ಲಿತ್ತು. ಅವಳು ಅದನ್ನು ಗುಡಿಗೆ ಕಟ್ಟಿದ್ದು ಈ ಹೊಸವರ್ಷಕ್ಕೆ. ಲಾರಿಗೆ ಉಸಿರು ಕಟ್ಟತೊಡಗಿದ್ದೂ ಹೊಸವರ್ಷ ಕಳೆದ ಮೇಲೆಯೇ. ಯಾರೋ ಅದನ್ನು ಗುಡಿಯಿಂದ ಬಿಚ್ಚಿ, ಪನ್ಯಾನ ಸೊಂಟದ ಬಟ್ಟೆಯಲ್ಲಿ ಸುತ್ತಿ, ಪನ್ಯಾನ ಲಾರಿಯೊಳಗೆ ಹಾಕಿದ್ದಾರೆ.

"ಅವನೇ," ಎಂದಳು ಸೆಂಗ್‌ದಾವ್. "ಮಾವ, ಅವನೇ. ಈ ಹೊಸವರ್ಷಕ್ಕೆ ಅವನು ಇದ್ದ. ನಾನು ಕಟ್ಟಿದ್ದನ್ನ ಮುಟ್ಟಿದಾನೆ." ಗೆಜ್ಜೆಯನ್ನು ಕೆನ್ನೆಗೆ ಒತ್ತಿಕೊಂಡಳು. ಡೀಸೆಲ್ ಅವಳ ಕತ್ತಿನವರೆಗೆ ಇಳಿಯಿತು. "ಇದ್ದೂ ಮನೆಗೆ ಯಾಕೆ ಬರಲಿಲ್ಲ?"

"ಆಗಲ್ಲ," ಎಂದ ಖಮ್ಸಿಂಗ್. "ಅದು ಆಗೋದಲ್ಲ. ಆ ಅಂಚಿನ ಮೇಲೆ ನಾನೇ ಮಣ್ಣು ಎಳೆದಿದ್ದೀನಿ."

ಚಾನ್ ಕೈಯಲ್ಲಿದ್ದ ಕೊಕ್ಕೆಯನ್ನು ನೆಲಕ್ಕಿಟ್ಟ.

"ಹೇಳು," ಎಂದೆ.

ಅವನು ನೆಲಕ್ಕೆ ಕೂತು ಹೇಳಿದ. ಮಳೆ ಹುಯ್ಯುತ್ತಿತ್ತು. ಏರಿನಲ್ಲಿ ಲಾರಿ ನಿಲ್ಲಿಸಿದ್ದರು. ಸ್ಟೀರಿಂಗ್ ಹಿಡಿದಿದ್ದವನು ಖಮ್ಸಿಂಗ್, ಕುಡಿದಿದ್ದ. ಪನ್ಯಾ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಇಳಿದ. ಬ್ರೇಕಿನ ಮೇಲಿನ ಕಾಲು ಜಾರಿತು, ಲಾರಿ ಹಿಂದಕ್ಕೆ ಸರಿಯಿತು. ಇಳಿದು ನೋಡಿದರೆ ಪನ್ಯಾ ಚರಂಡಿಯಲ್ಲಿ ಬಿದ್ದಿದ್ದ. ಕರೆದರೆ ಓಗೊಡಲಿಲ್ಲ, ಮೂಗಿಗೆ ಕೈಯಿಟ್ಟರೆ ಉಸಿರು ತಾಗಲಿಲ್ಲ.

"ಜೈಲು ಕಣ್ಮುಂದೆ ಬಂತು. ಕೈಗೆ ಸಿಕ್ಕಿದ ಮಣ್ಣು, ಸೊಪ್ಪು ಎಳೆದೆ. ಮೇಲ್ಮೇಲೆ. ಆಮೇಲೆ ದೋಣಿ, ಥಾಯ್ಲೆಂಡು, ಯಾವಳೋ ಹೆಂಗಸು, ಎಲ್ಲ ಬಾಯಿಗೆ ಬಂದಿದ್ದು." ಅವನು ಸೆಂಗ್‌ದಾವ್ ಕಡೆ ತಲೆ ಎತ್ತಲಿಲ್ಲ. "ಅವನು ಯಾರ ಹಿಂದೆಯೂ ಹೋಗೋನಲ್ಲ ತಂಗಿ. ದಾರಿಯುದ್ದಕ್ಕೂ ನಿನ್ನ ಮಾತು, ಆ ಹಾಳು ಬೆಕ್ಕಿನ ಮಾತು."

ಅವಳು ಅವನಿಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ. ಅವಳು ಎದ್ದು ಸಿನ್ನಿಗೆ ಕೈ ಒರೆಸಿಕೊಂಡಳು.

"ಮೇಸ್ತ್ರಿ, ಟ್ಯಾಂಕ್ ಏರಿಸಿ. ಖಮ್ಸಿಂಗಣ್ಣ, ಗಾಡಿ ಹತ್ತಿ, ಆ ಜಾಗ ತೋರಿಸಿ. ಅಲ್ಲಿ ಅವನಿದ್ರೆ ನಿಮ್ಮನ್ನ ಪೊಲೀಸರಿಗೆ ಕೊಡ್ತೀನಿ. ಇಲ್ದಿದ್ರೆ ನಿಮ್ಮ ಕಾಲು ಹಿಡೀತೀನಿ."

ಹೊತ್ತು ಇಳಿಯುವಾಗ ಹೊರಟೆವು. ಚಾನ್ ಗುದ್ದಲಿ ಹಿಡಿದು ಹಿಂದೆ ಹತ್ತಿದ. ಏರು ಬಂತು. ಲಾರಿ ಒಂದು ಸಲವೂ ತಡವರಿಸಲಿಲ್ಲ, ಅದೇ ಏರು, ಅದೇ ಎಂಜಿನ್, ಗಂಟಲಿನ ಮುಳ್ಳು ಹೋದ ಮೇಲೆ ಹಾಡಿಕೊಂಡು ಹತ್ತಿತು. ಸೆಂಗ್‌ದಾವ್ ಆ ದೊಡ್ಡ ಬೆನ್ನಿನ ಗುಂಡಿಗೆ ಒರಗಿ ಕೂತಿದ್ದಳು.

"ಇಲ್ಲಿ," ಎಂದ ಖಮ್ಸಿಂಗ್.

ಬೆಳಿಗ್ಗೆ ನಿಂತಿದ್ದ ತಿರುವು. ಪುಟ್ಟ ಮರದ ಗುಡಿ.

"ಗುಡಿ ನಾನೇ ಇಟ್ಟೆ. ಅವನಿಗೆ ದಿನಾ ಯಾರಾದರೂ ಕೈ ಮುಗೀಲಿ ಅಂತ."

ಸೆಂಗ್‌ದಾವ್ ಇಳಿದಳು. ಎರಡು ವರ್ಷ ಈ ದಾರಿಯ ಲಾರಿಗಳೆಲ್ಲ ಹಾರ್ನ್ ಹೊಡೆದು ಪನ್ಯಾನನ್ನೇ ದಾರಿ ಬೇಡಿದ್ದವು. ಅವಳೂ ಬೇಡಿದ್ದಳು. ಚಾನ್ ಗುದ್ದಲಿ ಎತ್ತಿದ. ಅವಳು ಕೈ ಅಡ್ಡ ಹಿಡಿದಳು.

"ತಡೀರಿ."

ಅವಳು ಗುಡಿಯ ಕಂಬವನ್ನೇ ನೋಡುತ್ತಿದ್ದಳು. ಬೆಳಗಿನ ಹೂಮಾಲೆ ಇತ್ತು. ಉರಿದು ಮುಗಿದ ಊದುಬತ್ತಿ ಇತ್ತು. ಅವಳು ಬಿಗಿದು ಕಟ್ಟಿದ್ದ ನೂಲು ಇರಲಿಲ್ಲ. ಕತ್ತರಿಸಿದ್ದರೆ ಗಂಟಾದರೂ ಕಂಬದಲ್ಲಿ ಉಳಿಯಬೇಕಿತ್ತು, ಅದೂ ಇರಲಿಲ್ಲ. ಯಾರೋ ಕೂತು, ತಾಳ್ಮೆಯಿಂದ ಬಿಚ್ಚಿಕೊಂಡು ಹೋಗಿದ್ದರು.

ಅವಳು ಲಾರಿಗೆ ಓಡಿದಳು. ಮೂರು ಸಲ ಹಾರ್ನ್ ಹೊಡೆದಳು, ಪನ್ಯಾ ಮನೆಯ ತಿರುವಿನಲ್ಲಿ ಹೊಡೆಯುತ್ತಿದ್ದ ಹಾಗೆ, ಎರಡು ಚಿಕ್ಕದು, ಒಂದು ಉದ್ದ. ಆಮೇಲೆ ಎಂಜಿನ್ ಆರಿಸಿದಳು. ಬೆಟ್ಟ ಸುಮ್ಮನಾಯಿತು.

ಕೆಳಗಿನ ಬಿದಿರು ಮೆಳೆಯೊಳಗಿನಿಂದ, ಬೆಕ್ಕು ಕಳ್ಳ ಹೆಜ್ಜೆ ಇಟ್ಟ ಹಾಗೆ, ಗೆಜ್ಜೆಯ ಸದ್ದು ಒಂದೇ ಒಂದು ಸಲ ಕೇಳಿ ನಿಂತಿತು.